ಮೂವರು, ಒಂದು ವ್ಯಾನ್, ಒಂದು ಡಬಲ್ ಬೇಸ್: ರಾಕಬಿಲಿ ಬ್ಯಾಂಡಿನ ತಿರುಗಾಟಕ್ಕೆ ಸಮಗ್ರ ಮಾರ್ಗದರ್ಶಿ

1954ರ ಜುಲೈ 5ರಂದು ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಮೂವರು ಸೇರಿ ಒಂದು ಹಾಡು ರೆಕಾರ್ಡ್ ಮಾಡಿದರು. ಹಾಡಿದ್ದು ಎಲ್ವಿಸ್ ಪ್ರೀಸ್ಲಿ, ಗಿಟಾರ್ ಸ್ಕಾಟಿ ಮೂರ್, ಡಬಲ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ) ಬಿಲ್ ಬ್ಲ್ಯಾಕ್. ಡ್ರಮ್ಸ್ ಇರಲಿಲ್ಲ. ಬ್ಲ್ಯಾಕ್ ತನ್ನ ಬೇಸ್‌ನ ತಂತಿಗಳನ್ನು ಎಳೆದು ಬಡಿಯುತ್ತಿದ್ದ, ಅದೇ ತಾಳವಾಯಿತು. ಕೆಲವೇ ತಿಂಗಳಲ್ಲಿ ಆ ಮೂವರು ಟೆಕ್ಸಾಸ್, ಆರ್ಕನ್ಸಾ, ಲೂಯಿಸಿಯಾನದ ಸಣ್ಣ ಸಣ್ಣ ಊರು ಸುತ್ತುತ್ತಿದ್ದರು. ಬೇಸನ್ನು ಕಾರಿನ ಮೇಲೆ ಕಟ್ಟಿರುತ್ತಿದ್ದರು. ಕಂಟ್ರಿ ಮತ್ತು ಬ್ಲೂಸ್ ಬೆರೆತ, ಐವತ್ತರ ದಶಕದ ಆ ಕುಣಿತದ ಸಂಗೀತವೇ ರಾಕಬಿಲಿ. ದೊಡ್ಡ ಕಂಪನಿಯ ಬೆಂಬಲವಿಲ್ಲದ ರಾಕಬಿಲಿ ಬ್ಯಾಂಡ್ ಇವತ್ತಿಗೂ ಹೆಚ್ಚು ಕಡಿಮೆ ಹೀಗೇ ಬದುಕುತ್ತದೆ. ಕಾರಿನ ಜಾಗಕ್ಕೆ ವ್ಯಾನ್ ಬಂದಿದೆ, ಅಷ್ಟೇ.

ಆದರೆ ಆ ಕಾಲದ ರಸ್ತೆ ಈ ಸಂಗೀತದಿಂದ ಬಹಳ ಕಿತ್ತುಕೊಂಡಿದೆ. 1956ರ ಮಾರ್ಚ್ 22ರ ಬೆಳಗಿನ ಜಾವ ರಾಕಬಿಲಿ ಗಾಯಕ ಕಾರ್ಲ್ ಪರ್ಕಿನ್ಸ್‌ನ ಬ್ಯಾಂಡ್ ಟಿವಿ ಕಾರ್ಯಕ್ರಮಕ್ಕೆಂದು ನ್ಯೂಯಾರ್ಕ್ ಕಡೆ ಹೊರಟಿತ್ತು. ಡೆಲವೇರ್‌ನಲ್ಲಿ ಅವರ ಕಾರು ಮುಂದೆ ಹೋಗುತ್ತಿದ್ದ ಪಿಕಪ್ ಟ್ರಕ್‌ಗೆ ಗುದ್ದಿತು. ಕಾರು ಓಡಿಸುತ್ತಿದ್ದವನಿಗೆ ನಿದ್ದೆ ಹತ್ತಿತ್ತು. ಪಿಕಪ್ ಚಾಲಕ ಸತ್ತುಹೋದ. ಪರ್ಕಿನ್ಸ್ ಮತ್ತು ಅವನ ಅಣ್ಣ ಜೇ ಇಬ್ಬರಿಗೂ ತೀವ್ರ ಪೆಟ್ಟಾಯಿತು. 1960ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಚಿಪನಮ್ ಹತ್ತಿರ ರಾತ್ರಿ ಟ್ಯಾಕ್ಸಿ ಅಪಘಾತದಲ್ಲಿ ಗಾಯಕ ಎಡ್ಡಿ ಕಾಕ್ರನ್ ತೀರಿಹೋದ. ಅವನಿಗೆ ಬರೀ 21 ವರ್ಷ.

ಅದಕ್ಕೇ ಈ ಮಾರ್ಗದರ್ಶಿಯ ಎಲ್ಲಾ ಹಂತಗಳೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: ಇವತ್ತು ರಾತ್ರಿ ಮೂವರೂ ಎಲ್ಲಿ, ಎಷ್ಟು ಹೊತ್ತು ಮಲಗುತ್ತೀರಿ? ಅದಕ್ಕೆ ಉತ್ತರ ಸಿಗದ ಶೋ ಎಷ್ಟೇ ದುಡ್ಡು ಕೊಟ್ಟರೂ ಬೇಡ. ನಾನು ಬೇಸ್ ನುಡಿಸುವವನು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೀಗೆ ತಿರುಗಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ತಪ್ಪದೆ ಓದಬೇಕು. ಎಚ್-1ಬಿ ವೀಸಾ ಇದ್ದರೆ, ಆ ವೀಸಾಕ್ಕೆ ಅರ್ಜಿ ಹಾಕಿದ ಕಂಪನಿಗೆ ಮಾತ್ರ ನೀವು ಕೆಲಸ ಮಾಡಬಹುದು. ಶನಿವಾರ ರಾತ್ರಿ ಬಾರಿನಲ್ಲಿ ನುಡಿಸಿ ಐವತ್ತು ಡಾಲರ್ ಪಾಲು ತಗೊಂಡರೂ ಅದು ಅನುಮತಿ ಇಲ್ಲದ ಕೆಲಸ. ಎಫ್-1 ವಿದ್ಯಾರ್ಥಿಗಳೂ ಸುಮ್ನೆ ಹೀಗೆ ದುಡಿಯುವಂತಿಲ್ಲ. "ಟಿಪ್ ಅಷ್ಟೇ ಅಲ್ವಾ" ಅಂತ ಗೆಳೆಯರು ಹೇಳುತ್ತಾರೆ, ನಂಬಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ, ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಜೊತೆಗೆ ಕೆಲಸದ ಪರವಾನಗಿ ಇದ್ದವರಿಗೆ ಈ ತೊಂದರೆ ಇಲ್ಲ. ಅನುಮಾನ ಇದ್ದರೆ ವಲಸೆ ವಕೀಲರಿಗೆ ಒಮ್ಮೆ ಫೀಸ್ ಕೊಟ್ಟು ಕೇಳಿ.

ಹೊರದೇಶದ ಬ್ಯಾಂಡ್ ಅಮೆರಿಕಕ್ಕೆ ಬಂದು ದುಡ್ಡಿಗೆ ನುಡಿಸಬೇಕಾದರೆ ಪ್ರವಾಸಿ ವೀಸಾ ಸಾಲದು. ಸಾಮಾನ್ಯವಾಗಿ ಕಲಾವಿದರಿಗೆ ಕೊಡುವ ಪಿ-1 ಅಥವಾ ಒ-1 ವೀಸಾ ಬೇಕು. ಅದಕ್ಕೆ ಅಮೆರಿಕದಲ್ಲಿರುವ ಏಜೆಂಟ್ ಅಥವಾ ಆಯೋಜಕರು ಮೊದಲೇ ಅರ್ಜಿ ಹಾಕಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಂತ 2: ದಾರಿ ಹಾಕುವುದು

1959ರ ಜನವರಿಯಲ್ಲಿ ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿ ಮತ್ತು ಜೊತೆಗಾರರನ್ನು ಅಮೆರಿಕದ ಚಳಿ ಪ್ರದೇಶದಲ್ಲಿ 24 ದಿನಕ್ಕೆ 24 ಊರು ಸುತ್ತಿಸುವ ತಿರುಗಾಟಕ್ಕೆ ಕಳಿಸಿದರು. ದಾರಿಗೆ ತಲೆಬುಡ ಇರಲಿಲ್ಲ. ಒಂದು ದಿನ ಈ ಕಡೆ, ಮಾರನೇ ದಿನ ಅಷ್ಟೇ ದೂರ ಹಿಂದಕ್ಕೆ. ಬಸ್ಸಿನ ಹೀಟರ್ ಕೆಟ್ಟಿತು. ಡ್ರಮ್ಮರ್ ಕಾರ್ಲ್ ಬಂಚ್‌ನ ಕಾಲು ಹಿಮಕ್ಕೆ ಮರಗಟ್ಟಿ ಆಸ್ಪತ್ರೆ ಸೇರಿದ. ಬಸ್ ಸಾಕಾಗಿ ಹಾಲಿ ಬಾಡಿಗೆ ವಿಮಾನ ಹತ್ತಿದ. ಫೆಬ್ರವರಿ 3ರಂದು ಆ ವಿಮಾನ ಅಯೋವಾದಲ್ಲಿ ಬಿತ್ತು, ಹಾಲಿ ಉಳಿಯಲಿಲ್ಲ. ಆ ದಾರಿಯನ್ನು ಸರಿಯಾಗಿ ಹಾಕಿದ್ದರೆ ಅವನು ವಿಮಾನ ಹತ್ತುತ್ತಲೇ ಇರಲಿಲ್ಲ ಅನ್ನಿಸುತ್ತದೆ ನನಗೆ.

ಹಾಗಾಗಿ ವರ್ತುಲವಾಗಿ ಹೋಗಿ, ವರ್ತುಲವಾಗಿ ಬನ್ನಿ. ಮೆಂಫಿಸ್‌ನಿಂದ ಹೊರಡುವ ಬ್ಯಾಂಡಿಗೆ ಒಂದು ಒಳ್ಳೆಯ ದಾರಿ ಹೀಗಿರಬಹುದು.

ಮಂಗಳವಾರ ಲಿಟಲ್ ರಾಕ್, ಸುಮಾರು 137 ಮೈಲಿ.
ಬುಧವಾರ ಶ್ರೀವ್‌ಪೋರ್ಟ್, 215 ಮೈಲಿ.
ಗುರುವಾರ ಡಲ್ಲಾಸ್, 190 ಮೈಲಿ.
ಶುಕ್ರವಾರ ಆಸ್ಟಿನ್, 195 ಮೈಲಿ.
ಶನಿವಾರ ಹ್ಯೂಸ್ಟನ್, 165 ಮೈಲಿ.
ಭಾನುವಾರ ಶೋ ಇಲ್ಲ. ನಿಧಾನಕ್ಕೆ ಲಾಫಯೆಟ್ ತನಕ, ಸುಮಾರು 215 ಮೈಲಿ.
ಸೋಮವಾರ ನ್ಯೂ ಆರ್ಲಿಯನ್ಸ್, 135 ಮೈಲಿ.
ಮಂಗಳವಾರ ವಾಪಸ್ ಮೆಂಫಿಸ್, 395 ಮೈಲಿ. ಆ ದಿನವೂ ಶೋ ಇಲ್ಲ.

ಶೋ ಇರುವ ದಿನ 250 ಮೈಲಿಗಿಂತ ಜಾಸ್ತಿ ಓಡಿಸುವಂತಿಲ್ಲ ಅನ್ನುವುದು ಇಲ್ಲಿನ ಲೆಕ್ಕ. ಭಾನುವಾರವೇ ನ್ಯೂ ಆರ್ಲಿಯನ್ಸ್‌ನಲ್ಲಿ ನುಡಿಸಿ ಒಂದು ದಿನ ಉಳಿಸಬಹುದಲ್ಲ ಅನ್ನಿಸುತ್ತದೆ. ಆದರೆ ಶನಿವಾರ ಹ್ಯೂಸ್ಟನ್‌ನಲ್ಲಿ ಸಾಮಾನು ಕಟ್ಟುವಾಗಲೇ ರಾತ್ರಿ ಎರಡಾಗಿರುತ್ತದೆ. ಬೆಳಿಗ್ಗೆ ಎದ್ದು 350 ಮೈಲಿ ಓಡಿಸಿದವನ ಕೈಯಲ್ಲಿ ಸಂಜೆ ಬೇಸ್ ಸರಿಯಾಗಿ ನಡೆಯುವುದಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಸೋಮವಾರವೂ ಸಂಗೀತ ಕೇಳಲು ಜನ ಬರುತ್ತಾರೆ. ಅದನ್ನೇ ಬಳಸಿಕೊಳ್ಳಿ.

ದಾರಿ ಹಾಕುವಾಗ ಶುಕ್ರವಾರ, ಶನಿವಾರದ ಶೋಗಳನ್ನು ಮೊದಲು ಗಟ್ಟಿ ಮಾಡಿ. ಉಳಿದ ದಿನಗಳನ್ನು ಅವುಗಳ ಸುತ್ತ ತುಂಬಿಸಿ. ವಾರದ ಮಧ್ಯೆ ಬಾರ್‌ಗಳು ಖಾಲಿ ಇರುತ್ತವೆ. ಆಗ ರೆಕಾರ್ಡ್ ಅಂಗಡಿ, ಬ್ರೂವರಿ, ಯಾರದಾದರೂ ಮನೆಯ ಹಿತ್ತಲಿನ ಕಛೇರಿ ಹುಡುಕಿ. ಹಳೆಯ ಕಾರುಗಳ ಪ್ರದರ್ಶನ ಸಿಕ್ಕರೆ ಬಿಡಲೇಬೇಡಿ. ಐವತ್ತರ ದಶಕದ ಕಾರುಗಳನ್ನು ಪ್ರೀತಿಸುವವರು ರಾಕಬಿಲಿಯನ್ನೂ ಪ್ರೀತಿಸುತ್ತಾರೆ. ಅದು ಹಗಲಿನ ಕಾರ್ಯಕ್ರಮ ಬೇರೆ, ರಾತ್ರಿ ನಿದ್ದೆಗೆ ಸಮಯ ಸಿಗುತ್ತದೆ.

ಹಂತ 3: ಶೋ ಕೇಳುವುದು, ಮಾತು ಗಟ್ಟಿ ಮಾಡುವುದು

ಕ್ಲಬ್‌ಗಳಿಗೆ ಮೂರು ನಾಲ್ಕು ತಿಂಗಳು ಮೊದಲೇ ಬರೆಯಿರಿ. ಹಬ್ಬದಂಥ ದೊಡ್ಡ ರಾಕಬಿಲಿ ಕೂಟಗಳಿಗೆ ಹೆಚ್ಚು ಕಡಿಮೆ ಒಂದು ವರ್ಷ ಮೊದಲು. ಇಮೇಲ್ ಐದಾರು ಸಾಲು ಸಾಕು: ನೀವು ಯಾರು, ಯಾವ ತಾರೀಖು ಬೇಕು, ಆ ಊರಲ್ಲಿ ಮೊದಲು ನುಡಿಸಿದ್ದೀರಾ, ಎಷ್ಟು ಜನ ಬಂದಿದ್ದರು. ಜೊತೆಗೆ ಒಂದೇ ಒಂದು ವಿಡಿಯೋ, ಅದೂ ಜನರ ಮುಂದೆ ನುಡಿಸಿದ್ದು. ಸ್ಟುಡಿಯೋ ವಿಡಿಯೋ ನೋಡಿ ಯಾರೂ ಕರೆಯುವುದಿಲ್ಲ. ಜನ ಕುಣಿಯುತ್ತಿರುವುದು ಕಾಣಬೇಕು.

ಹಣದ ಒಪ್ಪಂದ ಮುಖ್ಯವಾಗಿ ಮೂರು ಥರ. ಗ್ಯಾರಂಟಿ ಅಂದರೆ ಜನ ಬರಲಿ ಬಿಡಲಿ ಇಷ್ಟು ಕೊಡುತ್ತೇವೆ ಅನ್ನುವುದು. ಡೋರ್ ಅಂದರೆ ಬಾಗಿಲಲ್ಲಿ ಬಂದ ಟಿಕೆಟ್ ಹಣದಲ್ಲಿ ಪಾಲು. ಮೂರನೆಯದು ಟಿಪ್ ಮಾತ್ರ. ನ್ಯಾಶ್‌ವಿಲ್‌ನ ಲೋವರ್ ಬ್ರಾಡ್‌ವೇ ಬಾರ್‌ಗಳಲ್ಲಿ ಬ್ಯಾಂಡ್‌ಗಳು ಬಹುಪಾಲು ಟಿಪ್ ಮೇಲೇ ಬದುಕುತ್ತವೆ. ಕೇಳುವಾಗ "ಗ್ಯಾರಂಟಿ ಅಥವಾ ಡೋರ್, ಎರಡರಲ್ಲಿ ಯಾವುದು ಜಾಸ್ತಿಯೋ ಅದು" ಅಂತ ಕೇಳಿ. ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಒಪ್ಪಿದ ಮೇಲೆ ಎಲ್ಲವನ್ನೂ ಬರಹದಲ್ಲಿ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ ಸಾಮಾನು ಇಳಿಸಬೇಕು, ಸೌಂಡ್‌ಚೆಕ್ ಇದೆಯಾ, ಎಷ್ಟು ಸೆಟ್ (ನಡುವೆ ಬಿಡುವು ಕೊಟ್ಟು ನುಡಿಸುವ ಸುತ್ತು), ಊಟ ಕೊಡುತ್ತಾರಾ, ಟಿ-ಶರ್ಟ್ ಮಾರಿದರೆ ಅವರಿಗೆ ಪಾಲು ಬೇಕಾ, ದುಡ್ಡು ಯಾರು ಕೊಡುತ್ತಾರೆ. "ನಮ್ಮಲ್ಲಿ ನುಡಿಸುವ ಮೊದಲು ಸುತ್ತ ಇಷ್ಟು ಮೈಲಿಯೊಳಗೆ ಬೇರೆಲ್ಲೂ ನುಡಿಸಬಾರದು" ಅನ್ನುವ ಷರತ್ತು ಇದೆಯಾ ಅಂತಲೂ ನೋಡಿ. ಅಮೆರಿಕದಲ್ಲಿ ಡಬ್ಲ್ಯೂ-9 ಅನ್ನುವ ತೆರಿಗೆ ಫಾರಂ ಕೇಳುತ್ತಾರೆ. ಬ್ಯಾಂಡಿನ ಹೆಸರಲ್ಲಿ ಒಂದು ತುಂಬಿಸಿ ಫೋನಿನಲ್ಲಿಟ್ಟುಕೊಂಡಿರಿ.

ಹಂತ 4: ಲೆಕ್ಕ, ಹೊರಡುವ ಮೊದಲೇ

ಮೇಲಿನ ಎಂಟು ದಿನದ ದಾರಿಗೇ ಒಂದು ಮಾದರಿ ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ನಿಮ್ಮದನ್ನು ತುಂಬಿಸಿಕೊಳ್ಳಿ.

ಊರೊಳಗಿನ ಓಡಾಟ ಸೇರಿ 1,800 ಮೈಲಿ ಆಗುತ್ತದೆ. ವ್ಯಾನ್ ಗ್ಯಾಲನ್‌ಗೆ 15 ಮೈಲಿ ಕೊಟ್ಟರೆ 120 ಗ್ಯಾಲನ್. ಗ್ಯಾಲನ್‌ಗೆ 3.25 ಡಾಲರ್ ಹಿಡಿದರೆ ಪೆಟ್ರೋಲಿಗೆ 390. ಏಳು ರಾತ್ರಿಯಲ್ಲಿ ಮೂರು ರಾತ್ರಿ ಗೆಳೆಯರ ಮನೆ, ನಾಲ್ಕು ರಾತ್ರಿ ನೂರು ಡಾಲರ್ ರೂಮ್, ಅಲ್ಲಿಗೆ 400. ಊಟಕ್ಕೆ ತಲೆಗೆ ದಿನಕ್ಕೆ 20 ಡಾಲರ್, ಮೂವರಿಗೆ 480. ಟೈರು, ಆಯಿಲ್, ಬ್ರೇಕ್ ಸವೆಯುವುದಕ್ಕೆ ಮೈಲಿಗೆ 10 ಸೆಂಟ್ ತೆಗೆದಿಟ್ಟರೆ 180. ಮಾರುವ ಟಿ-ಶರ್ಟ್, ರೆಕಾರ್ಡ್ ಮಾಡಿಸಿದ ಖರ್ಚು 300. ಒಟ್ಟು 1,750.

ಇನ್ನು ಆದಾಯ. ಶುಕ್ರವಾರ, ಶನಿವಾರ ತಲಾ 500 ಗ್ಯಾರಂಟಿ. ಉಳಿದ ನಾಲ್ಕು ಶೋಗೆ ತಲಾ 200. ಒಂದು ಶೋಗೆ 150 ಡಾಲರ್ ಮಾರಾಟ ಅಂದರೆ ಆರು ಶೋಗೆ 900. ಒಟ್ಟು 2,700. ಉಳಿಯುವುದು 950.

ಅದನ್ನು ಮೂರು ಪಾಲು ಮಾಡಬೇಡಿ, ನಾಲ್ಕು ಮಾಡಿ. ನಾಲ್ಕನೇ ಪಾಲು ಬ್ಯಾಂಡಿನದು, ಅಂದರೆ ವ್ಯಾನಿನದು. ತಲೆಗೆ ಸುಮಾರು 237 ಡಾಲರ್ ಬರುತ್ತದೆ. ಎಂಟು ದಿನಕ್ಕೆ ಅಷ್ಟೇ. ಇದನ್ನು ಮೊದಲೇ ಕೂತು ಮಾತಾಡಿಕೊಂಡ ಬ್ಯಾಂಡ್ ಒಡೆಯುವುದಿಲ್ಲ. ಇನ್ನೊಂದು ಗಮನಿಸಿ: ಮಾರಾಟದ ಹಣ ತೆಗೆದರೆ, ಅದರ ಖರ್ಚನ್ನೂ ತೆಗೆದರೆ, ಉಳಿಯುವುದು ಬರೀ 350. ಹಾಗಾಗಿ ಟಿ-ಶರ್ಟ್ ಮೇಜು ಅಂದರೆ ಅಲಂಕಾರ ಅಲ್ಲ, ತಿರುಗಾಟದ ಬೆನ್ನೆಲುಬು.

ಹಂತ 5: ವಾದ್ಯಗಳ ಯೋಗಕ್ಷೇಮ

ಬೇಸ್ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಆಳೆತ್ತರದ ಈ ವಾದ್ಯ ಇಲ್ಲದೆ ರಾಕಬಿಲಿ ಇಲ್ಲ. ವ್ಯಾನಿನಲ್ಲಿ ಅರ್ಧ ಜಾಗ ಅದಕ್ಕೇ ಹೋಗುತ್ತದೆ.

ತಿರುಗಾಟಕ್ಕೆ ಪ್ಲೈವುಡ್ ಬೇಸ್ ತಗೊಂಡು ಹೋಗಿ. ಇಡಿ ಮರ ಕೆತ್ತಿ ಮಾಡಿದ ಬೇಸ್ ಬಿಸಿಲು, ಚಳಿ, ತೇವಕ್ಕೆ ಬೇಗ ಬಿರುಕು ಬಿಡುತ್ತದೆ. ಪ್ಲೈವುಡ್ ತಡೆಯುತ್ತದೆ. ಬಡಿದಾಗ ಸದ್ದೂ ಗಡುಸಾಗಿ ಬರುತ್ತದೆ. ತಂತಿ ಯಾವುದು ಅನ್ನುವುದರಲ್ಲಿ ಜಗಳ ಇದೆ. ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯ ನಾದಕ್ಕೆ ಸಾಟಿ ಇಲ್ಲ. ಆದರೆ ಒಣ ಹವೆಯ ಡಲ್ಲಾಸ್‌ನಿಂದ ತೇವದ ನ್ಯೂ ಆರ್ಲಿಯನ್ಸ್‌ಗೆ ಹೋಗುವಷ್ಟರಲ್ಲಿ ಅದರ ಶ್ರುತಿ ಎಲ್ಲೆಲ್ಲೋ ಹೋಗಿರುತ್ತದೆ. ರಸ್ತೆಗೆ ಸಿಂಥೆಟಿಕ್ ತಂತಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಎತ್ತರ ತಗ್ಗು ಮಾಡಬಹುದಾದದ್ದಾಗಿರಲಿ. ಹವೆ ಬದಲಾದಂತೆ ತಂತಿಯ ಎತ್ತರವೂ ಬದಲಾಗುತ್ತದೆ.

ವ್ಯಾನಿನಲ್ಲಿ ಬೇಸನ್ನು ಪಕ್ಕಕ್ಕೆ ಮಲಗಿಸಿ, ದಪ್ಪ ಚೀಲದೊಳಗೆ, ಬೆಲ್ಟ್ ಕಟ್ಟಿ. ಬ್ರಿಡ್ಜ್ ಮೇಲೆ ಭಾರ ಬೀಳಬಾರದು. ಕುತ್ತಿಗೆಗೆ ಏನೂ ತಾಗಬಾರದು. ಅದರ ಮೇಲೆ ಒಂದು ಜಾಕೆಟ್ ಕೂಡ ಇಡಬೇಡಿ, ಜಾಕೆಟ್ ಮೇಲೆ ಯಾರೋ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಇಡುತ್ತಾರೆ. ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಸಡಿಲ ಮಾಡಬೇಡಿ. ಒಳಗಿರುವ ಸೌಂಡ್ ಪೋಸ್ಟ್ ಅನ್ನುವ ಸಣ್ಣ ಕಡ್ಡಿ ತಂತಿಯ ಒತ್ತಡದಿಂದಲೇ ನಿಂತಿರುತ್ತದೆ. ಅದು ಬಿದ್ದರೆ ಆ ಊರಲ್ಲಿ ವಾದ್ಯ ರಿಪೇರಿ ಮಾಡುವವರು ಸಿಗಬೇಕು.

ಧ್ವನಿಗೆ ಎರಡು ಪಿಕಪ್ (ವಾದ್ಯದ ಸದ್ದು ಹಿಡಿದು ಆಂಪ್‌ಗೆ ಕಳಿಸುವ ಸಾಧನ) ಇಡಿ. ಬ್ರಿಡ್ಜ್‌ನಲ್ಲಿರುವುದು ನಾದಕ್ಕೆ, ಫಿಂಗರ್‌ಬೋರ್ಡ್‌ಗೆ ಅಂಟಿಸಿದ್ದು ಬಡಿತದ ಟಕ್ ಸದ್ದಿಗೆ. ಎರಡನ್ನೂ ಬೇರೆ ಬೇರೆ ಹದ ಮಾಡುವ ಪ್ರೀಆಂಪ್ ಬೇಕು. ತೀರಾ ತಗ್ಗಿನ ಗುಂಯ್ ಸದ್ದು ಕತ್ತರಿಸುವ ಫಿಲ್ಟರ್ ಮತ್ತು ಧ್ವನಿಯ ಅಲೆಯನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ ಅದರಲ್ಲಿರಲಿ. ಸಣ್ಣ ಬಾರಿನಲ್ಲಿ ಬೇಸ್ ಊಳಿಡುವುದನ್ನು ತಡೆಯುವುದು ಇವೆರಡೇ. ಬೆರಳಿಗೆ ಕ್ರೀಡಾಪಟುಗಳು ಸುತ್ತುವ ಬಿಳಿ ಟೇಪ್ ಸುತ್ತಿ. ಬೊಕ್ಕೆ ಎದ್ದ ಮೇಲೆ ಅಲ್ಲ, ಮೊದಲ ಶೋ ದಿನವೇ.

ಗಿಟಾರಿಗೆ ಬಂದರೆ, ಗ್ರೆಚ್ ಥರದ ಟೊಳ್ಳು ಗಿಟಾರುಗಳಲ್ಲಿ ಬ್ರಿಡ್ಜ್ ಸುಮ್ನೆ ಕೂತಿರುತ್ತದೆ, ಸ್ಕ್ರೂ ಇರುವುದಿಲ್ಲ. ಅಲ್ಲೂ ತಂತಿಯನ್ನು ಒಂದೊಂದಾಗಿಯೇ ಬದಲಿಸಿ. ಸನ್ ಸ್ಟುಡಿಯೋದ ಹಾಡುಗಳಲ್ಲಿ ಕೇಳುವ ಆ ಒಂದೇ ಮರುಧ್ವನಿ ಎರಡು ಟೇಪ್ ಯಂತ್ರಗಳಿಂದ ಬಂದಿತ್ತು. ಇವತ್ತು ಒಂದು ಡಿಲೇ ಪೆಡಲ್‌ನಲ್ಲಿ 100ರಿಂದ 140 ಮಿಲಿಸೆಕೆಂಡ್, ಒಂದೇ ಸಲ ಮರುಕಳಿಸುವಂತೆ ಇಟ್ಟರೆ ಸಿಗುತ್ತದೆ. ಹಳೆಯ ಟೇಪ್ ಎಕೋ ಯಂತ್ರ ಇದ್ದರೆ ಮನೆಯಲ್ಲಿಡಿ, ರಸ್ತೆಯ ಕುಲುಕಾಟ ಅದಕ್ಕೆ ಆಗದು. ಟ್ಯೂಬ್ ಆಂಪ್‌ಗೆ ಬಿಡಿ ಟ್ಯೂಬ್, ಬಿಡಿ ಫ್ಯೂಸ್ ಇರಲಿ. ಶೋ ಮುಗಿದ ಕೂಡಲೇ ಎತ್ತಬೇಡಿ, ತಣ್ಣಗಾಗಲು ಬಿಡಿ.

ಡ್ರಮ್ಸ್ ಹಗುರ ಇದ್ದಷ್ಟೂ ಒಳ್ಳೆಯದು. ಎಂಬತ್ತರ ದಶಕದ ರಾಕಬಿಲಿ ಬ್ಯಾಂಡ್ ಸ್ಟ್ರೇ ಕ್ಯಾಟ್ಸ್‌ನ ಸ್ಲಿಮ್ ಜಿಮ್ ಫ್ಯಾಂಟಮ್ ನಿಂತುಕೊಂಡೇ ಸ್ನೇರ್, ಕಿಕ್, ಸಿಂಬಲ್ ಇಷ್ಟರಲ್ಲೇ ದೊಡ್ಡ ದೊಡ್ಡ ವೇದಿಕೆ ತುಂಬಿಸಿದ.

ಹಂತ 6: ವ್ಯಾನ್

ಹೊರಡುವ ಎರಡು ವಾರ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ. ಹಿಂದಿನ ದಿನ ತೋರಿಸಿದರೆ ಸರಿ ಮಾಡಿಸಲು ಸಮಯ ಇರುವುದಿಲ್ಲ. ಟೈರಿನ ಗೆರೆ ಮಾತ್ರ ಅಲ್ಲ, ತಯಾರಾದ ವರ್ಷವನ್ನೂ ನೋಡಿ. ನಿಂತಲ್ಲೇ ಹಳೆಯದಾದ ಟೈರ್ ಟೆಕ್ಸಾಸ್ ಬಿಸಿಲಿಗೆ ಸಿಡಿಯುತ್ತದೆ.

ಕಳ್ಳತನ ಬ್ಯಾಂಡ್‌ಗಳ ದೊಡ್ಡ ಪಿಡುಗು. ಹಿಂಬಾಗಿಲು ಗೋಡೆಗೆ ತಾಗುವಂತೆ ನಿಲ್ಲಿಸಿ. ಹೊರಗೆ ಬ್ಯಾಂಡಿನ ಹೆಸರು, ಸ್ಟಿಕರ್ ಬೇಡ. ನೆಲಮಹಡಿಯ ರೂಮ್ ಕೇಳಿ, ಬೇಸ್ ಮತ್ತು ಗಿಟಾರ್ ನಿಮ್ಮ ಜೊತೆಯೇ ಮಲಗಲಿ. ಎಲ್ಲಾ ವಾದ್ಯಗಳ ಫೋಟೋ, ಸೀರಿಯಲ್ ನಂಬರ್ ತೆಗೆದಿಡಿ. ಕಾರಿನ ವಿಮೆ ಒಳಗಿನ ವಾದ್ಯಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಅದಕ್ಕೆ ಬೇರೆ ವಿಮೆ ಮಾಡಿಸಬೇಕು.

ಓಡಿಸುವ ನಿಯಮ ಮೂರೇ. ಶೋ ಮುಗಿದ ಮೇಲೆ ಒಂದು ಗಂಟೆಗಿಂತ ಹೆಚ್ಚಿನ ಡ್ರೈವ್ ಇಲ್ಲ. ಆ ರಾತ್ರಿ ಓಡಿಸುವವರು ಯಾರು ಅಂತ ಸೌಂಡ್‌ಚೆಕ್‌ಗೆ ಮೊದಲೇ ಗೊತ್ತಿರಬೇಕು, ಅವರು ಒಂದು ಬಿಯರ್ ಕೂಡ ಕುಡಿಯುವಂತಿಲ್ಲ. ಪಕ್ಕದ ಸೀಟಿನವರು ಎಚ್ಚರ ಇರಬೇಕು. ಬಾರ್‌ಗಳು ಬ್ಯಾಂಡಿಗೆ ಬಿಯರ್ ಸುಮ್ನೆ ಕೊಡುತ್ತವೆ. ಅದರ ಬದಲು ಊಟ ಕೇಳಿ, ಖುಷಿಯಿಂದ ಕೊಡುತ್ತಾರೆ.

ಹಂತ 7: ಶೋ ದಿನ

ಹೇಳಿದ ಸಮಯಕ್ಕೆ ಹದಿನೈದು ನಿಮಿಷ ಮೊದಲು ಹೋಗಿ. ಸೌಂಡ್ ನೋಡುವವರ ಹೆಸರು ಕೇಳಿ, ನೆನಪಿಟ್ಟುಕೊಳ್ಳಿ. ಡಬಲ್ ಬೇಸ್ ಕಂಡು ಅವರಿಗೆ ಕೊಂಚ ಗಾಬರಿ ಆಗುತ್ತದೆ. ನಿಮ್ಮದೇ ಪ್ರೀಆಂಪ್‌ನಿಂದ ಒಂದು ಕೇಬಲ್ ಕೊಟ್ಟರೆ ಅವರ ಅರ್ಧ ತಲೆನೋವು ಹೋಗುತ್ತದೆ.

ಅಮೆರಿಕದ ಬಾರ್‌ಗಳಲ್ಲಿ ಎಷ್ಟೋ ಕಡೆ 45 ನಿಮಿಷದ ಮೂರು ಸೆಟ್ ಕೇಳುತ್ತಾರೆ. ಅಂದರೆ ನಲವತ್ತಕ್ಕೂ ಹೆಚ್ಚು ಹಾಡು ಕೈಯಲ್ಲಿರಬೇಕು, ಯಾಕೆಂದರೆ ರಾಕಬಿಲಿ ಹಾಡು ಎರಡು ಎರಡೂವರೆ ನಿಮಿಷದ್ದು. ಮೊದಲ ಸೆಟ್‌ನಲ್ಲಿ ನಿಮ್ಮ ಹಾಡುಗಳ ನಡುವೆ ಎಲ್ಲರಿಗೂ ಗೊತ್ತಿರುವ ಹಳೆಯವನ್ನು ಸೇರಿಸಿ. ಕುಣಿಯುವವರು ಎದ್ದರೆ ಮಾತು ನಿಲ್ಲಿಸಿ, ಮೂರು ಹಾಡು ಒಂದರ ಹಿಂದೆ ಒಂದು ಹೊಡೆಯಿರಿ. ಆಮೇಲೆ ಒಂದು ನಿಧಾನದ್ದು, ಜೋಡಿಗಳಿಗೆ. ವೇದಿಕೆ ಮುಂದಿನ ಮೇಜುಗಳನ್ನು ಸರಿಸಲು ಬಾರಿನವರನ್ನು ಮೊದಲೇ ಕೇಳಿ. ಕುಣಿಯಲು ಜಾಗ ಇಲ್ಲದ ಕಡೆ ಈ ಸಂಗೀತಕ್ಕೆ ಉಸಿರುಕಟ್ಟುತ್ತದೆ.

ಸೆಟ್‌ಗಳ ನಡುವೆ ಒಬ್ಬರು ಟಿ-ಶರ್ಟ್ ಮೇಜಿನ ಹತ್ತಿರ ನಿಲ್ಲಲೇಬೇಕು. ರಾಕಬಿಲಿ ಜನ ಏಳು ಇಂಚಿನ ರೆಕಾರ್ಡ್‌ಗಳನ್ನು ಇಂದಿಗೂ ಕೊಳ್ಳುತ್ತಾರೆ. ಅವನ್ನು ಬಿಸಿಲಲ್ಲಿ ವ್ಯಾನಿನೊಳಗೆ ಬಿಟ್ಟರೆ ಡೊಂಕಾಗುತ್ತವೆ, ಒಳಗೆ ತಗೊಂಡು ಹೋಗಿ. ನೀವು ಬೇರೆಯವರ ಹಾಡು ರೆಕಾರ್ಡ್ ಮಾಡಿ ಅಮೆರಿಕದಲ್ಲಿ ಮಾರುತ್ತಿದ್ದರೆ ಬರೆದವರಿಗೆ ಪ್ರತಿಗೆ ರಾಯಲ್ಟಿ ಕೊಡಬೇಕು. 2025ರಲ್ಲಿ ಅದು ಐದು ನಿಮಿಷದೊಳಗಿನ ಹಾಡಿಗೆ 12.7 ಸೆಂಟ್. ಸಣ್ಣ ಮೊತ್ತ, ಆದರೆ ಅದು ಯಾರದೋ ದುಡಿಮೆ.

ಹಣದ ಲೆಕ್ಕ ಅದೇ ರಾತ್ರಿ, ಎಣಿಸಿಕೊಂಡು ಮುಗಿಸಿ. "ನಾಳೆ ಕಳಿಸುತ್ತೇವೆ" ಅಂದರೆ ನಗುತ್ತಲೇ ಅಲ್ಲೇ ನಿಂತಿರಿ.

ಹಂತ 8: ಕಡಲಾಚೆ

ಸ್ಟ್ರೇ ಕ್ಯಾಟ್ಸ್ 1980ರಲ್ಲಿ ನ್ಯೂಯಾರ್ಕ್ ಬಿಟ್ಟು ಲಂಡನ್‌ಗೆ ಹೋಗಿದ್ದು ಸುಮ್ನೆ ಅಲ್ಲ. ಯುರೋಪಿನಲ್ಲಿ ಈ ಸಂಗೀತಕ್ಕೆ ನಿಷ್ಠೆಯ ಕೇಳುಗರಿದ್ದಾರೆ. ಇಂಗ್ಲೆಂಡಿನ ನಾರ್ಫಕ್ ಕರಾವಳಿಯ ಹೆಮ್ಸ್‌ಬಿಯಲ್ಲಿ 1988ರಿಂದ ವಾರಾಂತ್ಯದ ಕೂಟ ನಡೆಯುತ್ತಿದೆ. ಲಾಸ್ ವೇಗಸ್‌ನಲ್ಲಿ 1998ರಲ್ಲಿ ಶುರುವಾದ ವಿವಾ ಲಾಸ್ ವೇಗಸ್ ಕೂಟಕ್ಕೆ ಯುರೋಪಿನವರೂ ಬರುತ್ತಾರೆ. ಅಲ್ಲಿ ಒಮ್ಮೆ ನುಡಿಸಿದರೆ ಆಚೆಯಿಂದ ಕರೆ ಬರುವ ಸಾಧ್ಯತೆ ಇದೆ.

ಬೇಸ್ ಒಯ್ಯಬೇಡಿ, ಅಲ್ಲೇ ಬಾಡಿಗೆಗೆ ಕೇಳಿ. ಅಮೆರಿಕದ ಕಾನೂನಿನಲ್ಲಿ ಲಗೇಜಾಗಿ ಒಯ್ಯುವ ವಾದ್ಯಕ್ಕೆ ಉದ್ದ, ಅಗಲ, ಎತ್ತರ ಸೇರಿ 150 ಇಂಚು, ತೂಕ 165 ಪೌಂಡ್ ಮಿತಿ ಇದೆ. ಗಟ್ಟಿ ಪೆಟ್ಟಿಗೆಯಲ್ಲಿಟ್ಟ ಬೇಸ್ ಆ ಅಂಚಿನಲ್ಲೇ ಇರುತ್ತದೆ. ನಿಮ್ಮ ಪಿಕಪ್, ಪ್ರೀಆಂಪ್, ಟೇಪ್ ಮಾತ್ರ ಚೀಲದಲ್ಲಿರಲಿ. ಅಮೆರಿಕದ ಆಂಪ್ 120 ವೋಲ್ಟ್‌ನದು, ಯುರೋಪಿನ ಕರೆಂಟ್ 230. ಅದನ್ನೂ ಅಲ್ಲೇ ಬಾಡಿಗೆಗೆ ಪಡೆಯಿರಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್‌ಗೆ ಒಂದು ವೀಸಾ, ಯುರೋಪಿನ ಷೆಂಗೆನ್ ದೇಶಗಳಿಗೆ (ಇವಕ್ಕೆಲ್ಲ ಒಂದೇ ವೀಸಾ) ಇನ್ನೊಂದು ಬೇಕು. ವಾಪಸ್ ಅಮೆರಿಕಕ್ಕೆ ಬರಲು ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ವೀಸಾ ಸ್ಟಾಂಪ್ ಇದೆಯಾ ಅನ್ನುವುದನ್ನು ಟಿಕೆಟ್ ತೆಗೆಯುವ ಮೊದಲೇ ನೋಡಿ.

ಹಂತ 9: ಮನೆಗೆ ಬಂದ ವಾರ

ಎರಡು ದಿನ ಮಲಗಿ. ಆಮೇಲೆ ಕೂತು ಲೆಕ್ಕ ಮುಗಿಸಿ, ಪಾಲು ಹಂಚಿ. ಹಾಡು ಬರೆದವರಿಗೆ ರಾಯಲ್ಟಿ ವಸೂಲು ಮಾಡಿಕೊಡುವ ಆಸ್ಕ್ಯಾಪ್ ಅಥವಾ ಬಿಎಂಐ ಸಂಸ್ಥೆಯ ಸದಸ್ಯರಾಗಿದ್ದರೆ, ಎಲ್ಲೆಲ್ಲಿ ಯಾವ ಹಾಡು ನುಡಿಸಿದಿರಿ ಅನ್ನುವ ಪಟ್ಟಿ ಅವರ ಜಾಲತಾಣದಲ್ಲಿ ತುಂಬಿಸಿ. ಸಣ್ಣ ಬಾರಿನಲ್ಲಿ ನುಡಿಸಿದ ನಿಮ್ಮ ಸ್ವಂತ ಹಾಡಿಗೂ ರಾಯಲ್ಟಿ ಬರುತ್ತದೆ. ಎಷ್ಟೋ ಬ್ಯಾಂಡ್‌ಗಳು ಇದನ್ನು ಮಾಡುವುದೇ ಇಲ್ಲ. ಪೆಟ್ರೋಲ್, ರೂಮ್ ರಸೀದಿಗಳನ್ನು ತೆರಿಗೆಗೆ ಒಂದು ಕಡೆ ಇಡಿ.

ನಂತರ ಪ್ರತಿ ಕ್ಲಬ್‌ಗೂ ಎರಡು ಸಾಲು ಬರೆಯಿರಿ: ಧನ್ಯವಾದ, ಮತ್ತು ಆರು ತಿಂಗಳ ನಂತರದ ಒಂದು ತಾರೀಖು. ಜನ ನಿಮ್ಮ ಹೆಸರು ಮರೆಯುವ ಮೊದಲೇ ಅದೇ ಊರಿಗೆ ಮತ್ತೆ ಹೋಗಬೇಕು. ಮನೆಯಲ್ಲಿ ಜಾಗ ಕೊಟ್ಟವರಿಗೆ ಒಂದು ರೆಕಾರ್ಡ್ ಕಳಿಸಿ. ಬೇಸ್‌ನ ಬ್ರಿಡ್ಜ್ ನೆಟ್ಟಗಿದೆಯಾ, ಅಂಚಿನ ಅಂಟು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಈ ವಾರವೇ ರಿಪೇರಿಗೆ ಕೊಡಿ.